ಏಳರ ಪಕ್ಕದ ತಿರುಪು

ನಾನು ಒಂದು ತಿರುಪು. ಸ್ಕ್ರೂ ಅಂದರೇ ಈಗಿನವರಿಗೆ ತಿಳಿಯುವುದು. ಹಾಗೇ ಅನ್ನಿ, ನನಗೇನೂ ಬೇಸರವಿಲ್ಲ. ಉದ್ದ ಒಂದು ಹೆಬ್ಬೆರಳಷ್ಟು. ದುಂಡನೆಯ ತಲೆ, ತಲೆಯ ನಡುವೆ ಒಂದೇ ಗೀಟು. ಮೈಸುತ್ತ ಸುತ್ತಿಕೊಂಡು ಇಳಿಯುವ ಎಳೆಗಳು. ಅವುಗಳಲ್ಲಿ ಅರ್ಧ ಈಗ ಸವೆದಿವೆ. ಬಣ್ಣ ಯಾವುದೆಂದು ಕೇಳಬೇಡಿ, ಅದು ಒಂದಲ್ಲ.

ಬೆಳಗಾವಿಯ ಒಂದು ಲೇಥ್ ಶೆಡ್ಡಿನಲ್ಲಿ ಹುಟ್ಟಿದೆ. ಉದ್ದನೆಯ ಕಬ್ಬಿಣದ ಸರಳೊಂದು ಗರಗರ ತಿರುಗುತ್ತಿತ್ತು. ಅದರ ಮೈಗೆ ಉಳಿ ತಾಗಿದಾಗ ಗುಂಗುರು ಗುಂಗುರಾಗಿ ಸಿಪ್ಪೆ ಬಿತ್ತು. ಬಿದ್ದದ್ದು ಕಸವಾಯಿತು, ಉಳಿದದ್ದು ನಾನಾದೆ. ಲೇಥಿನ ಮುಂದೆ ನಿಂತವನು ಎಲೆ ಅಡಿಕೆ ಅಗಿಯುತ್ತ ನನ್ನನ್ನು ಎತ್ತಿ, ಒಂದು ನಟ್ಟಿನೊಳಗೆ ತಿರುಗಿಸಿ ನೋಡಿ, ಸರಿಯಿದೆ ಎಂದು ಬುಟ್ಟಿಗೆ ಹಾಕಿದ. ನಾನು ಕಂಡ ಪರೀಕ್ಷೆ ಅದೊಂದೇ. ಅದರಲ್ಲಿ ಪಾಸಾದೆ.

ಕಾಗದದ ಪೊಟ್ಟಣದಲ್ಲಿ ಅಣ್ಣತಮ್ಮಂದಿರ ಜೊತೆ ಒಂದು ಮಗ್ಗದ ಊರಿಗೆ ಬಂದೆ. ಸೀರೆ ನೇಯುವ ಊರು. ಬೆಳಿಗ್ಗೆ ಕರೆಂಟು ಬಂದರೆ ಓಣಿ ಓಣಿಯಲ್ಲಿ ಪವರ್‌ಲೂಮುಗಳ ಸದ್ದು. ಅಲ್ಲಿ ಮಾತಾಡುವವರು ಒಬ್ಬರ ಕಿವಿಗೆ ಒಬ್ಬರು ಬಾಯಿ ಹಚ್ಚಿ ಮಾತಾಡುತ್ತಾರೆ. ನನ್ನನ್ನೂ ಒಂದು ಮಗ್ಗಕ್ಕೆ ಹಾಕಿದರು. ಲಾಳಿ ಬಂದು ಬಡಿಯುವ ಪೆಟ್ಟಿಗೆಯ ತಗಡನ್ನು ಹಿಡಿದುಕೊಂಡಿರುವುದು ನನ್ನ ಕೆಲಸ. ಹನ್ನೊಂದು ವರ್ಷ ಹಿಡಿದುಕೊಂಡಿದ್ದೆ. ಎಷ್ಟು ಸೀರೆ ಆದವೋ ಲೆಕ್ಕವಿಲ್ಲ. ಆಮೇಲೆ ಆ ಮಗ್ಗ ಹಳೆಯದಾಯಿತೆಂದು ಬಿಚ್ಚಿ ಅಂಗಳದಲ್ಲಿ ರಾಶಿ ಹಾಕಿದರು.

ಆ ರಾಶಿಯಿಂದ ನನ್ನನ್ನು ಆರಿಸಿದವರು ಯಮನಪ್ಪ. ಎತ್ತರದ ಆಳು, ಹಣೆಯ ತುಂಬ ವಿಭೂತಿ. ನಾಲ್ಕು ಸ್ಕ್ರೂಗಳನ್ನು ಹುಡುಕಿ, ಅಂಗೈಯಲ್ಲಿ ತೂಗಿ ನೋಡಿ, ಇವು ಗಟ್ಟಿ ಇವೆ ಎಂದು ಅಂಗಿಯ ಕಿಸೆಗೆ ಹಾಕಿಕೊಂಡರು.

ಯಮನಪ್ಪನವರಿಗೆ ಒಂದು ಜೀಪು ಇತ್ತು. ನೀಲಿ ಬಣ್ಣದ ಹಳೆಯ ಜೀಪು, ತಲೆಯ ಮೇಲೆ ಎರಡು ಕಹಳೆಯಂಥ ಮೈಕು. ಅವರ ಕಸುಬು ಸಾರುವುದು. ಟಾಕೀಸಿಗೆ ಹೊಸ ಸಿನಿಮಾ ಬಂದರೆ, ಪೋಲಿಯೋ ಹನಿ ಹಾಕುವ ದಿನ ಬಂದರೆ, ಯಾರದಾದರೂ ಎಮ್ಮೆ ತಪ್ಪಿಸಿಕೊಂಡರೆ, ಯಾರಾದರೂ ತೀರಿಕೊಂಡು ಮಣ್ಣು ಎಷ್ಟು ಹೊತ್ತಿಗೆ ಎಂದು ತಿಳಿಸಬೇಕಾದರೆ, ಯಮನಪ್ಪನ ಜೀಪೇ ಬರಬೇಕು. ಆದರೆ ಮಗ್ಗದ ಸದ್ದಿನಲ್ಲಿ ಒಂದು ಬ್ಯಾಟರಿಯ ಮೈಕು ಸಾಲುತ್ತಿರಲಿಲ್ಲ. ಮೈಕಿಗೇ ಬೇರೆ ದೊಡ್ಡ ಬ್ಯಾಟರಿ ಇಡಬೇಕೆಂದು ಅವರು ಗೆಳೆಯ ದಾವಲಸಾಬ ಮಿಸ್ತ್ರಿಯ ಗ್ಯಾರೇಜಿಗೆ ಜೀಪು ತಂದರು.

ಬ್ಯಾಟರಿ ಇಡಲು ದಪ್ಪ ಕಬ್ಬಿಣಪಟ್ಟಿಯ ಒಂದು ತಟ್ಟೆ ತಯಾರಾಯಿತು. ಬಾನೆಟ್ಟಿನ ಒಳಗೆ ಅದು ಕೂರುವ ಜಾಗ ಒಂದೇ, ಚಾಸಿಯ ಮೇಲೆ. ಚಾಸಿ ಅಂದರೆ ಜೀಪಿನ ಬೆನ್ನೆಲುಬು ಇದ್ದ ಹಾಗೆ, ಎಲ್ಲದರ ಭಾರ ಹೊರುವ ಉದ್ದ ಕಬ್ಬಿಣ. ಅದರ ಮೇಲೆ ಅದೇ ಜಾಗದಲ್ಲಿ ಜೀಪಿನ ನಂಬರು ಕೆತ್ತಿದೆ. ಜೀಪು ಇಂಥದ್ದೇ ಎಂದು ಸರ್ಕಾರ ಗುರುತು ಹಿಡಿಯುವುದು ಆ ನಂಬರಿನಿಂದಲೇ.

ದಾವಲಸಾಬರು ಕೈ ತಡೆದು ಹೇಳಿದರು. “ನಂಬರ್ ಮುಚ್ಚಿ ಹೋಗತೈತಲ್ಲೋ ಯಮನಪ್ಪಾ. ನಾಳೆ ಆಫೀಸಿನ್ಯಾಗ ಕೇಳಿದ್ರ ಏನ್ ತೋರಸ್ತಿ?”

ಯಮನಪ್ಪ ನಕ್ಕರು. ಆಫೀಸಿಗೆ ಬೇಕಾಗುವುದು ನಂಬರಿನ ಅಚ್ಚು. ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿದರೆ ಅಕ್ಷರ ಮೂಡುತ್ತದೆ. ಅವರು ಆವತ್ತೇ ಹನ್ನೆರಡು ಚೀಟಿ ಇಟ್ಟು ಹನ್ನೆರಡು ಅಚ್ಚು ತೆಗೆದುಕೊಂಡರು. ಪ್ರತಿ ಸಲ ಉಜ್ಜುವಾಗ ಒಂದೊಂದೇ ಅಂಕಿ ಜೋರಾಗಿ ಹೇಳುತ್ತಿದ್ದರು. ಪಕ್ಕದಲ್ಲಿ ಡಬ್ಬಿಯೊಳಗೆ ಕುಳಿತು ಕೇಳಿದ ನನಗೆ ಹನ್ನೆರಡು ಸಲಕ್ಕೆ ಬಾಯಿಪಾಠವಾಯಿತು. ನನ್ನ ಓದು ಇಷ್ಟೇ. ಕೊನೆಯ ಅಂಕಿ ಏಳು. ಆ ಏಳರ ಪಕ್ಕ ಎರಡು ಬೆರಳು ಬಿಟ್ಟು ನನಗೆ ತೂತು ಕೊರೆದರು. ಹಿಂದಿನ ಮೂರು ಸ್ಕ್ರೂ ದಾವಲಸಾಬರು ಹಾಕಿದರು. ಎದುರಿನದನ್ನು ತಾವೇ ಹಾಕುವುದಾಗಿ ಹೇಳಿ ಯಮನಪ್ಪ ನನ್ನನ್ನು ತೆಗೆದುಕೊಂಡರು. ಸ್ವಲ್ಪ ಓರೆಯಾಗಿ ಹೋದೆ. ಅವರು ದೇವರ ಹೆಸರು ಹೇಳಿ ಇನ್ನೆರಡು ಸುತ್ತು ಬಿಗಿದರು. ಅಲ್ಲಿಂದ ಇಪ್ಪತ್ತಾರು ವರ್ಷ ನಾನು ಅಲುಗಲಿಲ್ಲ.

ಬಾನೆಟ್ಟು ಮುಚ್ಚಿದರೆ ನನಗೆ ಕತ್ತಲೆ. ಆದರೆ ಯಮನಪ್ಪ ಮೈಕು ಹಿಡಿದು ಬಾಯಿ ತೆರೆದರೆ ಅವರ ದನಿ ಬ್ಯಾಟರಿಯಿಂದ ತಟ್ಟೆಗೆ, ತಟ್ಟೆಯಿಂದ ನನಗೆ ಇಳಿದು ಮೈ ನಡುಗಿಸುತ್ತಿತ್ತು. ಹಾಗೆ ಊರಿನ ಸುದ್ದಿಯೆಲ್ಲ ನನಗೆ ತಿಳಿಯಿತು. ಒಮ್ಮೆ ಪಕ್ಕದ ಹಳ್ಳಿಯ ಒಬ್ಬ ಮುದುಕಿ ಕಾಣೆಯಾಗಿದ್ದಳು. ಬಸವಂತವ್ವ ಅಂತ ಹೆಸರು. ಯಮನಪ್ಪ ಎರಡು ದಿನ ಸಾರಿದರು. ಎರಡನೆಯ ದಿನ ಸಂತೆಯ ಕಟ್ಟೆಯ ಮೇಲೆ ಮಲಗಿದ್ದ ಮುದುಕಿ ಎದ್ದು ಕುಳಿತು, ಅಷ್ಟು ದೊಡ್ಡ ದನಿಯಲ್ಲಿ ತನ್ನ ಹೆಸರು ಕರೆಯುವವರು ಯಾರೆಂದು ಜೀಪಿಗೇ ಅಡ್ಡ ಬಂದು ಜಗಳಕ್ಕೆ ನಿಂತಳು. ಯಮನಪ್ಪ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರಿಗೆ ಬಿಟ್ಟು ಬಂದರು. ದಾರಿಯುದ್ದಕ್ಕೂ ಬೈಯುತ್ತಲೇ ಇದ್ದಳು.

ಇನ್ನು ನನ್ನ ಮೈ ಕೆಟ್ಟದ್ದು ಹೇಗೆ ಎಂದು ಹೇಳಬೇಕು. ಯಾರೂ ದ್ವೇಷದಿಂದ ಕೆಡಿಸಲಿಲ್ಲ.

ಪ್ರತಿ ವರ್ಷ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಜೀಪನ್ನು ತೊಳೆದು ನಿಲ್ಲಿಸುತ್ತಿದ್ದರು. ಚಕ್ರಗಳಿಗೆ, ಸ್ಟೇರಿಂಗಿಗೆ, ಮೈಕಿಗೆ, ಕೊನೆಗೆ ಬಾನೆಟ್ಟು ಎತ್ತಿ ಒಳಗಿನವರಿಗೆ ಪೂಜೆ. ದುಡಿಯುವ ಯಾವುದನ್ನೂ ಬಿಡಬಾರದು ಎಂಬುದು ಯಮನಪ್ಪನವರ ಪದ್ಧತಿ. ಕಾಯಿ ಒಡೆದ ನೀರಿನಲ್ಲೇ ಕುಂಕುಮ, ಅರಿಷಿಣ ಕಲಸಿ, ಕೈಗೆ ಸಿಗುವ ಪ್ರತಿ ನಟ್ಟು, ಪ್ರತಿ ಸ್ಕ್ರೂವಿನ ತಲೆಗೆ ಒಂದೊಂದು ಬೊಟ್ಟು ಇಡುತ್ತಿದ್ದರು. ತಟ್ಟೆಯ ನಾಲ್ವರಲ್ಲಿ ಮೂವರು ಹಿಂದೆ ಮರೆಯಲ್ಲಿದ್ದರು. ಕಣ್ಣಿಗೆ ಬೀಳುತ್ತಿದ್ದವನು ನಾನೊಬ್ಬನೇ. ಆದ್ದರಿಂದ ಬೊಟ್ಟು ನನಗೆ ಮಾತ್ರ. ಹೆಬ್ಬೆರಳಿನಿಂದ ನನ್ನ ತಲೆಯ ಗೀಟು ತುಂಬುವ ಹಾಗೆ ಒತ್ತಿ ಇಡುತ್ತಿದ್ದರು. ಮಿಕ್ಕ ಕಾಯಿನೀರನ್ನು ತಟ್ಟೆಯ ಮೇಲೆ ಚಿಮುಕಿಸುತ್ತಿದ್ದರು. ನನಗೆ ಹೆಮ್ಮೆ. ಹಿಂದಿನ ಮೂವರನ್ನು ನೆನೆದು ಅಯ್ಯೋ ಪಾಪ ಅಂದುಕೊಳ್ಳುತ್ತಿದ್ದೆ.

ಪೂಜೆಯ ಬೊಟ್ಟನ್ನು ಒರೆಸುವುದುಂಟೆ? ಯಾರೂ ಒರೆಸಲಿಲ್ಲ. ಮುಂದಿನ ವರ್ಷ ಅದರ ಮೇಲೆ ಇನ್ನೊಂದು. ಎರಡು ವರ್ಷಕ್ಕೊಮ್ಮೆ ಹಬ್ಬದ ಮುಂಚೆ ಬ್ರಷ್ಷಿನಿಂದ ನೀಲಿ ಬಣ್ಣ, ಬಣ್ಣದ ಮೇಲೆ ಮತ್ತೆ ಕುಂಕುಮ. ಅಡಿಯಲ್ಲಿ ತೇವ ಕುಳಿತು ನನ್ನನ್ನು ತಿನ್ನಲು ಶುರುಮಾಡಿತು. ತುಕ್ಕು ಬಂದಾಗ ನೋವಾಗುವುದಿಲ್ಲ. ಮೈ ಸ್ವಲ್ಪ ಉಬ್ಬುತ್ತದೆ, ಅಷ್ಟೇ. ಉಬ್ಬಿ ಉಬ್ಬಿ ಒಂದು ದಿನ ನಾನು ಯಾವುದು, ಚಾಸಿ ಯಾವುದು ಎಂದು ನನಗೇ ತಿಳಿಯದಾಯಿತು.

ಯಮನಪ್ಪನವರಿಗೆ ಮೊಣಕಾಲು ಹಿಡಿಯಿತು. ಬ್ರೇಕು ಒತ್ತಲು ಬಾರದಾಯಿತು. ಆಗ ಜೀಪು ಹತ್ತಿದವಳು ಮಗಳು ನೀಲವ್ವ. ಹತ್ತನೆಯ ಇಯತ್ತೆಯವರೆಗೆ ಓದಿದವಳು. ದನಿಯಲ್ಲಿ ಅಪ್ಪನ ಗಟ್ಟಿತನವೂ ಇತ್ತು, ಅಪ್ಪನಿಗಿಲ್ಲದ ಒಂದು ಇಂಪೂ ಇತ್ತು. ಹೆಂಗಸು ಜೀಪು ಹೊಡೆದುಕೊಂಡು ಸಾರುವುದು ಆ ಊರಿಗೆ ಹೊಸದು. ಮೊದಲ ದಿನ ಚಹದಂಗಡಿಯ ಮುಂದೆ ಕುಳಿತವರಲ್ಲಿ ಒಬ್ಬ, ಯಮನಪ್ಪನ ಮೈಕಿಗೆ ಸೀರೆ ಉಡಿಸಿದ್ದಾರೆ ನೋಡ್ರೋ ಎಂದನಂತೆ. ನೀಲವ್ವ ಜೀಪು ನಿಲ್ಲಿಸಿ, ಮೈಕಿನಲ್ಲಿಯೇ, ಸಿನಿಮಾ ಸಾರುವ ಅದೇ ರಾಗದಲ್ಲಿ ಹೇಳಿದಳು. “ಚಹಾದಂಗಡಿ ಮುಂದ ಕುಂತ ಹಿರ್ಯಾರಿಗೆ ವಿನಂತಿ. ಹಾದ್ಯಾಗ ಚಾಚಿದ ಕಾಲು ತಕ್ಕೋರಿ. ಹಳೇ ಜೀಪ ಐತಿ, ಬ್ರೇಕ್ ಭರೋಸೆ ಇಲ್ಲ.” ಓಣಿಯೆಲ್ಲ ನಕ್ಕಿತು. ಆಮೇಲೆ ಯಾರೂ ಅಣಕಿಸಲಿಲ್ಲ. ವಾರಕ್ಕೊಮ್ಮೆಯಾದರೂ ಅವಳ ದನಿ ಕೇಳದಿದ್ದರೆ ಜನರೇ ವಿಚಾರಿಸುವಂತಾಯಿತು. ಆ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಆ ದನಿಯಿಂದ, ಆ ದನಿ ಹೊರಡುತ್ತಿದ್ದದ್ದು ಈ ಜೀಪಿನಿಂದ.

ಕೆಲವು ವರ್ಷಕ್ಕೊಮ್ಮೆ ಜೀಪಿನ ಕಾಗದ ಹೊಸದು ಮಾಡಿಸಬೇಕು. ಪ್ರತಿ ಸಲ ಯಮನಪ್ಪ ದೇವರ ಮಾಡದಲ್ಲಿಟ್ಟ ಲಕೋಟೆಯಿಂದ ಒಂದು ಅಚ್ಚಿನ ಚೀಟಿ ತೆಗೆದು ಅಂಟಿಸುತ್ತಿದ್ದರು. ಈ ಸಲ ನೀಲವ್ವ ಚೀಟಿ ಹಿಡಿದು ಜಿಲ್ಲಾ ಕೇಂದ್ರದ ಆರ್‌ಟಿಓ ಆಫೀಸಿಗೆ ಹೋದರೆ ಅಲ್ಲಿನ ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಕಾಗದ ಹಳದಿಯಾಗಿತ್ತು. ಈ ಚೀಟಿಗೆ ಎಷ್ಟು ವಯಸ್ಸಾಯಿತಮ್ಮ ಎಂದು ಕೇಳಿದರು. ಅವರು ಕೆಟ್ಟವರಲ್ಲ. ಆದರೆ ಚಾಸಿಯ ಮೇಲಿನ ನಂಬರನ್ನು ತಾವೇ ಕಣ್ಣಾರೆ ನೋಡಬೇಕು, ತಟ್ಟೆ ಬಿಚ್ಚಿಸಿ ಸೋಮವಾರ ಜೀಪು ಮತ್ತೆ ತನ್ನಿ, ಅದೇ ಕೊನೆಯ ದಿನ ಎಂದರು. ನಂಬರು ಕಾಣದಿದ್ದರೆ, ಅಥವಾ ಅಳಿಸಿದ್ದರೆ, ಕಾಗದ ಆಗುವುದಿಲ್ಲ. ಕಾಗದವಿಲ್ಲದ ಹಳೆಯ ಜೀಪು ಹೋಗುವುದು ಗುಜರಿಗೆ.

ಅವತ್ತು ಬುಧವಾರ.

ನೀಲವ್ವ ಬರುವ ದಾರಿಯಲ್ಲೇ ಹೆದ್ದಾರಿ ಬದಿಯ ಒಂದು ಗ್ಯಾರೇಜಿನಲ್ಲಿ ಜೀಪು ನಿಲ್ಲಿಸಿದಳು. ಅಲ್ಲಿಯ ಪ್ರಭಾಕರ ಎಂಬವನು ಬ್ಯಾಟರಿ ಎತ್ತಿ ಕೆಳಗಿಟ್ಟ. ಹಿಂದಿನ ಮೂರು ಸ್ಕ್ರೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದವು. ಪೂಜೆ ಕಾಣದ ಆ ಮೂವರು ನಗುನಗುತ್ತ ಹೊರಟುಹೋದರು. ನನ್ನ ಸರದಿ ಬಂತು. ಬಣ್ಣ ಮೆತ್ತಿದ ನನ್ನ ತಲೆಯಲ್ಲಿ ಗೀಟು ಎಲ್ಲಿದೆ ಎಂದೇ ಅವನಿಗೆ ಕಾಣಲಿಲ್ಲ. ಅಂದಾಜಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು ಬಲ ಹಾಕಿದ. ಜಾರಿತು. ಮತ್ತೆ ಹಾಕಿದ. ಗೀಟಿನ ಅಂಚು ಮುರಿಯಿತು. ಚಾಣ ಇಟ್ಟು ಸುತ್ತಿಗೆಯಿಂದ ಹೊಡೆದ. ಚಾಣ ಜಾರಿ, ಸಡಿಲಾದ ಪಟ್ಟಿಯ ಅಡಿಗೆ ನುಗ್ಗಿ, ಏಳರ ಬಾಲದ ಹತ್ತಿರ ಬರೆ ಎಳೆಯಿತು.

ಬಿಡಬಾರದೆಂಬ ಹಟ ನನಗಿರಲಿಲ್ಲ. ಅವರೆಲ್ಲ ಹಾಗೆ ತಿಳಿದರು. ಬಿಡು ಎಂದು ಹೇಳುತ್ತಿದ್ದಾರೆಂದು ಗೊತ್ತಿತ್ತು, ಆದರೆ ಹೇಗೆ ಬಿಡುವುದೆಂದು ನನಗೆ ಮರೆತುಹೋಗಿತ್ತು. ತಲೆ ಮುರಿದು ಮೈ ಒಳಗೇ ಉಳಿದರೆ? ಆ ಭಯ ನನಗೆ. ತಟ್ಟೆಯನ್ನು ನನ್ನ ಸುತ್ತ ತಿರುಗಿಸೋಣವೆಂದರೆ ಒಂದು ಕಡೆ ರೇಡಿಯೇಟರು, ಇನ್ನೊಂದು ಕಡೆ ಮಡ್‌ಗಾರ್ಡು. ಮೇಲಾಗಿ ತಿರುಗಿದ ಪಟ್ಟಿ ಅಂಕಿಗಳನ್ನು ಕೆರೆದುಬಿಡುತ್ತಿತ್ತು.

ಪ್ರಭಾಕರ ಬೆವರು ಒರೆಸಿಕೊಂಡು, ಗ್ಯಾಸ್ ಹಚ್ಚಿ ಸುಟ್ಟು ಹಾರಿಸಿಬಿಡೋಣ ಅಕ್ಕಾ, ಐದು ನಿಮಿಷದ ಕೆಲಸ ಎಂದ. ನಂಬರು ಉಳಿಯುತ್ತದೆಯೇ ಎಂದು ನೀಲವ್ವ ಕೇಳಿದಳು. ಅವನು ತಲೆ ಕೆರೆದುಕೊಂಡ. ಸುಳ್ಳು ಹೇಳುವವನಲ್ಲ, ಪಾಪ. ಅದರ ಮಾತು ಕೊಡಲಾರೆ ಎಂದ. ನೀಲವ್ವ ಬಾನೆಟ್ಟು ಮುಚ್ಚಿದಳು.

ದಾವಲಸಾಬರು ಗ್ಯಾರೇಜು ಮುಚ್ಚಿ ಆರು ವರ್ಷವಾಗಿತ್ತು. ಕೈ ನಡುಗುತ್ತಿತ್ತು. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಹೋಗಿ ಬರುವ ಗಾಡಿಗಳ ಸದ್ದು ಕೇಳಿ, ಯಾವುದಕ್ಕೆ ಏನು ಕಾಯಿಲೆ ಎಂದು ಹೇಳುವುದಷ್ಟೇ ಅವರಿಗೆ ಉಳಿದ ಕೆಲಸ. ಗುರುವಾರ ಬೆಳಿಗ್ಗೆ ನೀಲವ್ವ ಅಪ್ಪನನ್ನೂ ಕೂರಿಸಿಕೊಂಡು ಜೀಪನ್ನು ಆ ಕಟ್ಟೆಗೇ ತಂದು ನಿಲ್ಲಿಸಿದಳು. ಅವರು ಬಾನೆಟ್ಟಿನೊಳಗೆ ಬಗ್ಗಿ, ಕನ್ನಡಕ ಏರಿಸಿ, ನನ್ನನ್ನು ಬಹಳ ಹೊತ್ತು ನೋಡಿದರು. ಉಗುರಿನಿಂದ ಒಂದು ಚೂರು ಬಣ್ಣ ಎಬ್ಬಿಸಿದರು. ಅದರಡಿ ಕೆಂಪು. ಕೆಂಪಿನಡಿ ಮತ್ತೆ ನೀಲಿ.

“ಯಾರು ಹಚ್ಯಾರ ಇದನ್ನ?” ಎಂದು ಕೇಳಿದರು.

“ನಾನ. ಯಾಕ?” ಎಂದರು ಯಮನಪ್ಪ.

“ದೇವ್ರಿಗೆ ಹಚ್ಚೋ ಮಾರಾಯಾ. ಸ್ಕ್ರೂಗ್ಯಾಕ ಹಚ್ಚಿದಿ?”

“ಅದೂ ದುಡಿತೈತಲ್ಲೋ.”

 ದಾವಲಸಾಬರು ಹಣೆ ಉಜ್ಜಿಕೊಂಡರು. ಆಮೇಲೆ ಮೆಲ್ಲಗೆ ವಿವರಿಸಿದರು. ಕಾಯಿನೀರು, ಕುಂಕುಮ ಸೇರಿ ಗೀಟಿನಲ್ಲಿ ಕುಳಿತು, ಮೇಲೆ ಬಣ್ಣ ಮುಚ್ಚಿ, ಒಳಗೇ ತುಕ್ಕು ಹಿಡಿದಿದೆ. ಹಿಂದಿನವು ಸುಲಭವಾಗಿ ಬಂದದ್ದು ಅವುಗಳಿಗೆ ಬೊಟ್ಟು ಮುಟ್ಟದಿದ್ದುದರಿಂದ. ಯಮನಪ್ಪನವರ ಮುಖ ನೋಡಬೇಕಿತ್ತು.  ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಮಗಳ ಕಡೆ ನೋಡಲಾಗದೆ ಜೀಪಿನ ಚಕ್ರ ನೋಡುತ್ತ ನಿಂತರು.  

ಮೊದಲು ಗೀಟು ಬಿಡಿಸಬೇಕಿತ್ತು. ದಾವಲಸಾಬರು ಒಂದು ದಬ್ಬಳ ತಂದರು, ಆದರೆ ತಾವು ಹಿಡಿಯಲಿಲ್ಲ. ಯಮನಪ್ಪನವರ ಕೈಗೆ ಕೊಟ್ಟರು.

“ಪೂಜಿ ಮಾಡಿದ್ದು ನೀನು. ನಾ ಹೆಂಗ್ ಕೆರೀಲಿ? ನೀನ ತಗಿ.”

ಯಮನಪ್ಪ ಸ್ಟೂಲಿನ ಮೇಲೆ ಕುಳಿತು ಕೆರೆಯತೊಡಗಿದರು. ಕೆಂಪು ಪುಡಿಯನ್ನು ನೆಲಕ್ಕೆ ಬೀಳಿಸದೆ ಒಂದು ಕಾಗದದ ಮೇಲೆ ಹಿಡಿದರು. ಒಂದು ಪದರ ಬಂದಾಗ ಒಂದು ಮಾತು. ಇದು ನೀಲವ್ವ ಮೊದಲ ಸಲ ಜೀಪು ಹೊಡೆದ ವರ್ಷದ್ದು. ಇದು ಅವಳ ಅವ್ವ ಆಸ್ಪತ್ರೆಯಿಂದ ಮನೆಗೆ ಬಂದ ವರ್ಷದ್ದು, ಆ ವರ್ಷ ಕುಂಕುಮ ಹೆಚ್ಚು ಕಲಸಿದ್ದೆ. ಇದು ಬಸವಂತವ್ವ ಸಿಕ್ಕ ವರ್ಷದ್ದು ಇದ್ದರೂ ಇರಬಹುದು. ನಿಜವಾಗಿ ಪದರ ನೋಡಿ ವರ್ಷ ಹೇಳಲು ಬರುವುದಿಲ್ಲ. ನನಗೆ ಗೊತ್ತು, ದಾವಲಸಾಬರಿಗೂ ಗೊತ್ತಿತ್ತು. ಅವರು ಹ್ಞೂಂ, ಹ್ಞೂಂ ಎನ್ನುತ್ತ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ನನ್ನ ತಲೆಯ ಮೇಲೆ ಗಾಳಿ ಆಡಿತು. ಇಪ್ಪತ್ತಾರು ವರ್ಷದ ಮೇಲೆ.

ಗೀಟಿನ ಅಂಚು ಪ್ರಭಾಕರನ ಕೈಯಲ್ಲಿ ಮುರಿದಿತ್ತಲ್ಲ, ಅದಕ್ಕೆ ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ, ಅದೇ ಜಾಗದಲ್ಲಿ ಹೊಸ ಗೀಟು ಆಳವಾಗಿ ಕೊಯ್ದರು. ಕೊಯ್ದವಳು ನೀಲವ್ವ, ಹೇಳಿಕೊಟ್ಟವರು ದಾವಲಸಾಬರು. ಏಳರ ಕಡೆ ಪಟ್ಟಿಯ ಅಡಿಗೆ ರಟ್ಟಿನ ತುಂಡು ತೂರಿಸಿದ್ದರು. ಆಮೇಲೆ ನನ್ನ ಬುಡದ ಸುತ್ತ ಸೀಮೆಎಣ್ಣೆ ಹನಿಸಿ, ಚಿಕ್ಕ ಸುತ್ತಿಗೆಯಿಂದ ತಲೆಯ ಮೇಲೆ ಟಕ್ ಟಕ್ ಎಂದು ತಟ್ಟಿದರು. ಮಲಗಿದವರನ್ನು ಎಬ್ಬಿಸುವಷ್ಟೇ ಜೋರು. ಈವತ್ತಿಗೆ ಸಾಕು ಎಂದರು.

ನೀಲವ್ವನಿಗೆ ತಡೆಯಲಿಲ್ಲ. ಇನ್ನು ಮೂರೇ ದಿನವಿದೆ ಕಾಕಾ, ಈಗಲೇ ತಿರುಗಿಸಿ ನೋಡೋಣ ಎಂದಳು. ದಾವಲಸಾಬರು ಒಪ್ಪಲಿಲ್ಲ. ಇಪ್ಪತ್ತಾರು ವರ್ಷ ಕುಳಿತದ್ದಕ್ಕೆ ಮೂರು ದಿನವನ್ನಾದರೂ ಕೊಡಬೇಡವೇ ಎಂದರು.

ಶುಕ್ರವಾರ ಬೆಳಿಗ್ಗೆ ಎಣ್ಣೆ ಹನಿಸಿ, ತಟ್ಟಿ, ಜುಮ್ಮಾ ನಮಾಜಿಗೆ ಹೋದರು. ಬಂದು ಮತ್ತೆ ಹನಿಸಿದರು. ಶನಿವಾರ ಯಮನಪ್ಪನವರ ಹಳೆಯ ಬೆಸುಗೆಕಡ್ಡಿ ತರಿಸಿದರು, ಮೈಕಿನ ವೈರು ಕೂಡಿಸಲು ಅವರು ಬಳಸುತ್ತಿದ್ದದ್ದು. ಅದರ ಬಿಸಿ ಮೂತಿಯನ್ನು ನನ್ನ ತಲೆಗಷ್ಟೇ ತಾಗಿಸಿ ಹಿಡಿದರು. ಗ್ಯಾಸಿನ ಬೆಂಕಿಯ ಹಾಗೆ ಅದು ಸುತ್ತಲಿನದನ್ನು ಸುಡುವುದಿಲ್ಲ. ನಾನು ಬಿಸಿಯಾದ ಮೇಲೆ ಬುಡಕ್ಕೆ ಮೇಣದಬತ್ತಿ ಮುಟ್ಟಿಸಿದರು. ಮೇಣ ಕರಗಿ, ಎಣ್ಣೆಯೂ ಹೋಗದ ಸಂದಿಗೆ ಇಳಿಯಿತು. ಎಳೆ ಎಳೆಯಾಗಿ ನನ್ನ ಸುತ್ತ ಇಳಿಯುತ್ತಿದ್ದದ್ದು ನನಗೆ ತಿಳಿಯುತ್ತಿತ್ತು. ಹೊರಗೆ ಏನೂ ಕಾಣಲಿಲ್ಲ. ನೀಲವ್ವ ಉಗುರು ಕಚ್ಚುತ್ತ ನಿಂತಿದ್ದಳು. ಅವತ್ತು ಊರಿನಲ್ಲಿ ಸಾರುವುದು ಎರಡು ಇದ್ದವು. ಎರಡನ್ನೂ ಬಿಟ್ಟಿದ್ದಳು.

ರವಿವಾರ ಬೆಳಿಗ್ಗೆ ಎಲ್ಲರೂ ಸೇರಿದರು. ಅಂದರೆ ಮೂವರೇ. ದಾವಲಸಾಬರು ಚೌಕ ಸರಳಿನ ದಪ್ಪ ಸ್ಕ್ರೂಡ್ರೈವರನ್ನು ನನ್ನ ಹೊಸ ಗೀಟಿಗೆ ಕೂರಿಸಿದರು. ಒಂದಿಷ್ಟೂ ಅಲುಗಾಡದಂತೆ ಕೂತಿತು. ಅದರ ಸರಳಿಗೆ ಪಾನಾ, ಅಂದರೆ ಸ್ಪ್ಯಾನರು, ಹಾಕಿ ನೀಲವ್ವನ ಕೈಗೆ ಕೊಟ್ಟು, ತಾವು ಎರಡೂ ಕೈಯಿಂದ, ಎದೆಯಿಂದ, ಇದ್ದಷ್ಟು ಭಾರವನ್ನು ಮೇಲೆ ಹಾಕಿ ಒತ್ತಿ ನಿಂತರು. 

“ಈಗ ಬಿಗಿ ಮಾಡು,” ಎಂದರು.

ನೀಲವ್ವ ಕೇಳಿದ್ದು ಸರಿಯೇ ಎಂದು ಅವರ ಮುಖ ನೋಡಿದಳು. “ಬಿಚ್ಚೂದಲ್ಲೇನ ಕಾಕಾ?”

“ಮೊದ್ಲ ಬಿಗಿ ಮಾಡು. ಒಂದು ಕೂದಲೆಳಿಯಷ್ಟು. ಎಲ್ಲಾರೂ ಅದನ್ನ ಹೊರಗ ಎಳದಾರ. ಒಳಗ ಹೋಗ್ತೀ ಏನು ಅಂತ ಯಾರೂ ಕೇಳಿಲ್ಲ.”

ಯಮನಪ್ಪ ಕಣ್ಣು ಮುಚ್ಚಿಕೊಂಡರು. ನೀಲವ್ವ ಪಾನಾವನ್ನು ಬಲಕ್ಕೆ ಒತ್ತಿದಳು. ನಾನು ಇಪ್ಪತ್ತಾರು ವರ್ಷ ಮಾಡುತ್ತಿದ್ದದ್ದು ಬಿಗಿಯಾಗಿರುವುದು ಒಂದನ್ನೇ. ಆ ಕಡೆಗೆ ಹೋಗು ಎಂದರೆ ನನಗೆ ಗೊತ್ತಿತ್ತು. ಸ್ವಲ್ಪವೇ ಸ್ವಲ್ಪ ಹೋದೆ. ಅಷ್ಟರಲ್ಲಿ ಒಳಗೆಲ್ಲೋ ಕಿಟಕ್ ಅಂದಿತು. ತುಕ್ಕು ಬಿರಿದ ಸದ್ದು. ಮೂವರಿಗೂ ಕೇಳಿಸಿತು. ತಲೆ ಮುರಿಯಿತೆಂದು ನೀಲವ್ವ ಕೈ ಬಿಟ್ಟಳು. ದಾವಲಸಾಬರು ಮಾತ್ರ, ಬಂತು ಮಗಳ, ಈಗ ಎಡಕ್ಕ, ಮೆಲ್ಲಕ ಎಂದರು.

ಎಡಕ್ಕೆ ಕಾಲು ಸುತ್ತು ಬಂದೆ. ನಿಲ್ಲಿಸಿ ಎಣ್ಣೆ. ಮತ್ತೆ ಬಲಕ್ಕೆ ಸ್ವಲ್ಪ, ಎಡಕ್ಕೆ ಅರ್ಧ. ಕೆಂಪು ಕೆಸರಿನಂಥ ತುಕ್ಕು ನನ್ನ ಸುತ್ತ ಉಕ್ಕಿ ಬಂತು. ಹೀಗೆ ಹಿಂದೆ ಮುಂದೆ ಮಾಡುತ್ತ, ಓರೆಯಾಗಿ ಹೋದವನು ಓರೆಯಾಗಿಯೇ, ಎಳೆಯಿಂದ ಎಳೆಗೆ ಮೇಲೇರಿ, ಹತ್ತು ಗಂಟೆಯ ಬಿಸಿಲಿಗೆ ಇಡಿಯಾಗಿ ಹೊರಗೆ ಬಂದೆ. ನೀಲವ್ವ ನನ್ನನ್ನು ಅಂಗೈಯಲ್ಲಿ ಹಿಡಿದು ಹಾಗೇ ನೆಲಕ್ಕೆ ಕುಳಿತಳು. ಅಳಲಿಲ್ಲ, ನಗಲಿಲ್ಲ. ಉದ್ದಕ್ಕೆ ಒಂದು ಉಸಿರು ಬಿಟ್ಟಳು. ನಾನೂ ಹಾಗೇ ಬಿಡುತ್ತಿದ್ದೆ, ನನಗೆ ಉಸಿರು ಇದ್ದಿದ್ದರೆ.

ತಟ್ಟೆ ಎತ್ತಿದರು. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದರು. ಯಮನಪ್ಪ ಬೆರಳಿಟ್ಟು ಒಂದೊಂದೇ ಅಂಕಿ ಓದಿದರು. ಕೊನೆಯದಕ್ಕೆ ಬಂದು ನಿಂತರು. ಚಾಣದ ಬರೆ ಅದರ ಬಾಲಕ್ಕೆ ಅಡ್ಡ ಹೋಗಿತ್ತು. ಏಳೋ ಒಂದೋ ಎಂದು ಅನುಮಾನ ಬರುವ ಹಾಗಿತ್ತು. ಅದನ್ನು ಉಜ್ಜಿ ಸರಿ ಮಾಡಲು ಹೋಗಬೇಡಿ, ಇದ್ದದ್ದು ಇದ್ದ ಹಾಗೆ ಸಾಹೇಬರಿಗೆ ತೋರಿಸಿ, ಹೇಗಾಯಿತೆಂದು ಇದ್ದಂತೆಯೇ ಹೇಳಿ ಎಂದರು ದಾವಲಸಾಬರು. ಬ್ಯಾಟರಿ ತಟ್ಟೆಯನ್ನು ಈ ಸಲ ಡ್ರೈವರ್ ಸೀಟಿನ ಹಿಂದೆ, ಯಾವ ನಂಬರೂ ಇಲ್ಲದ ಜಾಗದಲ್ಲಿ ಕೂರಿಸಿದರು.

ಸೋಮವಾರ ನಾನೂ ಹೋಗಿದ್ದೆ. ಸಾಹೇಬರು ಕೇಳಿದರೆ ತೋರಿಸಲಿಕ್ಕಿರಲಿ ಎಂದು ನೀಲವ್ವ ನನ್ನನ್ನು ಮುಂದಿನ ಖಾನೆಯಲ್ಲಿ ಹಾಕಿಕೊಂಡಿದ್ದಳು. ಸಾಹೇಬರು ಬ್ಯಾಟರಿ ದೀಪ ಹಿಡಿದು ಬಗ್ಗಿದರು. ಅಂಕಿ ಓದುತ್ತ ಓದುತ್ತ ಅವರೂ ಅಲ್ಲೇ ನಿಂತರು. ಇದೇನಮ್ಮ ಇಲ್ಲಿ ಗೀರು ಎಂದು ಕೇಳಿದರು. ನೀಲವ್ವ ನನ್ನನ್ನು ಅವರ ಕೈಗೆ ಕೊಟ್ಟು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಕುಂಕುಮದ ಮಾತನ್ನೂ ಬಿಡಲಿಲ್ಲ. ಅವರು ನನ್ನನ್ನು ತಿರುಗಿಸಿ ನೋಡಿದರು. ತಮ್ಮ ಕಿಸೆಯಿಂದಲೇ ಪೆನ್ಸಿಲ್ ತೆಗೆದು, ಹೊಸ ಚೀಟಿ ಇಟ್ಟು, ಬಹಳ ನಿಧಾನವಾಗಿ ಉಜ್ಜಿದರು.

ಆ ಹೊತ್ತು ಇಪ್ಪತ್ತಾರು ವರ್ಷಕ್ಕಿಂತ ಉದ್ದವಾಗಿತ್ತು.

“ಏಳು,” ಎಂದರು ಸಾಹೇಬರು. “ಏಳೇ ಇದು.”

ಗೀರು ಮೇಲೆ ಮೇಲೆ ಹೋಗಿತ್ತು. ಕೆತ್ತಿದ್ದು ಆಳದಲ್ಲಿತ್ತು. ಕಾಗದದ ಮೇಲೆ ಏಳರ ತಲೆ, ಬಾಲ ಎರಡೂ ಬಿಳಿಯಾಗಿ ಮೂಡಿದ್ದವು, ಗೀರು ಒಂದು ಕೂದಲಿನಷ್ಟು. ಸಹಿ ಬಿತ್ತು. ನೀಲವ್ವ ಜೀಪನ್ನು ನೇರ ದಾವಲಸಾಬರ ಮನೆಗೆ ತಂದಳು. ಕಟ್ಟೆಯ ಮುಂದೆ ಜೀಪು ನಿಲ್ಲಿಸಿ, ಅಲ್ಲಿ ಬೆಳಗಿನಿಂದ ಕಾಯುತ್ತಿದ್ದ ಇಬ್ಬರು ಮುದುಕರ ಮುಂದೆ ಕಾಗದ ಇಟ್ಟಳು. ಯಮನಪ್ಪ ಅದನ್ನು ತಿರುಗಾಮುರುಗಾ ನೋಡಿ, ಕಣ್ಣಿಗೊತ್ತಿಕೊಂಡು, ಮಗಳ ತಲೆಯ ಮೇಲೆ ಒಂದು ಸಲ ಕೈಯಿಟ್ಟರು. ಅವತ್ತು ರಾತ್ರಿ ಅವರು ನಾಲ್ಕು ದಿನದ ಮೇಲೆ ಹೊಟ್ಟೆ ತುಂಬ ಉಂಡರೆಂದು ಮರುದಿನ ನೀಲವ್ವ ಹೇಳಿದ್ದು ಕೇಳಿದೆ.

ನನ್ನನ್ನು ಏನು ಮಾಡುವುದು ಎಂಬ ಮಾತು ಬಂತು. ಮುರಿಯದೆ ಬಂದದ್ದನ್ನು ತಾನು ಚೆಲ್ಲುವವನಲ್ಲ ಎಂದು ದಾವಲಸಾಬರು ನನ್ನನ್ನು ಇಸಿದುಕೊಂಡು, ಒರೆಸಿ, ಎಣ್ಣೆ ಹಚ್ಚಿ, ಕಿಟಕಿಯ ಮೇಲಿನ ಒಂದು ತಗಡಿನ ಡಬ್ಬಿಗೆ ಹಾಕಿದರು. ಇಲ್ಲಿ ನನ್ನಂಥವರು ಬಹಳ ಮಂದಿ ಇದ್ದಾರೆ. ಟ್ರಾಕ್ಟರಿನಿಂದ ಬಂದವನಿದ್ದಾನೆ, ಹೊಲಿಗೆ ಯಂತ್ರದವಳಿದ್ದಾಳೆ, ಎಲ್ಲಿಂದ ಬಂದೆನೆಂದು ಮರೆತವರೂ ಇದ್ದಾರೆ. ಯಾರ ಮೈಯೂ ನೆಟ್ಟಗಿಲ್ಲ. ಯಾರಿಗೂ ಅದರ ಚಿಂತೆಯಿಲ್ಲ. ಹಿಡಿದುಕೊಂಡಿರುವುದೇ ನನ್ನ ಗುಣ ಎಂದು ಇಷ್ಟು ವರ್ಷ ತಿಳಿದಿದ್ದೆ. ಅದು ಗುಣವೂ ಹೌದು, ಒಂದು ಹಂತದ ಮೇಲೆ ಬೇರೇನೂ ಬಾರದ್ದರಿಂದಲೂ ಹೌದು. ಯಾರೂ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳದೆ, ಸುಡದೆ, ಮುರಿಯದೆ, ಮೂರು ದಿನ ಕಾದು ಬಿಡಿಸಿದರಲ್ಲ, ಅದನ್ನು ನೆನೆದರೆ ನನಗೆ ಈಗಲೂ ಮೈ ಹಗುರಾಗುತ್ತದೆ.

ಮೊನ್ನೆ ಬೆಳಿಗ್ಗೆ ಜೀಪು ಈ ಓಣಿಗೆ ಬಂತು. ನಾಳೆ ನಳದ ನೀರು ಬರುವುದಿಲ್ಲ, ಇವತ್ತೇ ತುಂಬಿಟ್ಟುಕೊಳ್ಳಿರೆಂದು ನೀಲವ್ವ ಸಾರುತ್ತಿದ್ದಳು. ದಾವಲಸಾಬರ ಹೆಂಡತಿ ಕೊಡ ತೆಗೆದುಕೊಂಡು ಓಡಿದರು. ಮೊದಲಾಗಿದ್ದರೆ ಆ ದನಿ ನನ್ನ ಮೈಯೊಳಗೆ ಬರೀ ನಡುಕವಾಗಿ ಇಳಿಯುತ್ತಿತ್ತು. ಈಗ ನಾನೂ ಊರಿನ ಎಲ್ಲರ ಹಾಗೆ ಕಿಟಕಿಯಲ್ಲಿ ಕುಳಿತು ಕೇಳಿದೆ. ಅವಳ ಒಂದೊಂದು ಅಕ್ಷರವೂ ಎಷ್ಟು ತಿಳಿಯಾಗಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.